ಬಿಳಿ ಟವಲಿನಲ್ಲಿ ಹೋದ ಕರಡಿಗೆ

"ಹಲೋ... ಯಾರು? ಯಾರ್ ಮಾತಾಡೋದು?... ಬಸವೇಶನಾ? ಇದ್ಯಾವ್ ನಂಬರ್ಲಾ, ಇಷ್ಟುದ್ದ?... ಓಟ್ಲು ಫೋನಾ? ಹಾಂ, ಏಳಪ್ಪ. ಸಿಕ್ತಾ?... ಸಿಗ್ನಿಲ್ವಾ?"

ದೊಡ್ಡಮಾದಪ್ಪನವರು ಕುಂತೂರಿನ ತಮ್ಮ ಮನೆಯ ಜಗಲಿಯ ಮೇಲೆ ಧೊಪ್ಪನೆ ಕುಳಿತರು. ಹನೂರಿನಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟಿರುವ ಮಗ ಬಸವೇಶನಿಗೆ, ಎಲ್ಲರಿಗಿಂತ ಹೆಚ್ಚು ಮಾರಿದನೆಂದು, ಕಂಪನಿಯವರು ಸ್ವಿಟ್ಜರ್ಲೆಂಡಿನ ಹಿಮದ ಬೆಟ್ಟದ ಮೇಲೆ ಇಬ್ಬರಿಗೆ ಐದು ದಿನದ ವಾಸ ಕೊಡಿಸಿದ್ದರು. ಸೊಸೆಗೆ ಎಂಟು ತಿಂಗಳು. ಅದಕ್ಕೇ ಅವನು ತಾಯಿ ಶಿವರತ್ನಮ್ಮನನ್ನು ಕರೆದುಕೊಂಡು ಹೋಗಿದ್ದ. ರಾಜರು ಇಳಿದುಕೊಳ್ಳುತ್ತಿದ್ದ ನೂರೈವತ್ತು ವರ್ಷದ ಹೋಟೆಲಂತೆ. ಯಾವ ರಾಜ ಇಳಿದಿದ್ದರೇನು ಬಂತು, ನಿನ್ನೆ ಬೆಳಿಗ್ಗೆ ಅಲ್ಲಿ ಶಿವರತ್ನಮ್ಮನ ಇಷ್ಟಲಿಂಗವೇ, ಅದನ್ನಿಟ್ಟ ಬೆಳ್ಳಿ ಕರಡಿಗೆಯ ಸಮೇತ, ಕಾಣೆಯಾಗಿತ್ತು. ಲಿಂಗ ಮೈಮೇಲಿಲ್ಲದೆ ಆಕೆ ತೊಟ್ಟು ನೀರೂ ಮುಟ್ಟುವವಳಲ್ಲ.

"ಅಲ್ಲಾ ಕಣ್ಲಾ, ಎಂಗೋಯ್ತು ಅಂತ ಇನ್ನೊಂದ್ಸಲ ಏಳು... ಹಾಂ... ಪೂಜೆ ಆಯ್ತು, ಕರಡಿಗೆ ಕಟ್ಟೋ ಶಿವದಾರ ಒದ್ದೆಯಾಗಿತ್ತು, ಒಣಗಾಕುದ್ಲು... ಅಲ್ಲೀಗಂಟ ಬೆಳ್ಳಿ ಕರಡಿಗೆನ ಓಟ್ಲವರ ಬಿಳಿ ಟವಲ್ನಾಗೆ ಸುತ್ತಿ ಮಡಗುದ್ಲಾ?... ಟವಲು ಮಡಿಯಾಗಿ ಅದೆ ಅಂತ... ಅಯ್ಯೋ ಶಿವನೇ! ರೂಮ್ ಗುಡಿಸೋಳು ಒಗೆಯಾಕೆ ಅಂತ ಎತ್ಕಂಡೋದ್ಲು, ಅಲ್ವಾ?"

"ಒಗೆಯೋ ಜಾಗ ಬೆಟ್ಟದ ಕೆಳಗಾ? ಓಗಿ ತಕಂಬರಬೇಕಪ್ಪ!... ರೈಲು ನಿಂತೋಗ್ಯದಾ? ಎಷ್ಟೆತ್ರ ಬಿದ್ದದೆ ಹಿಮ?... ಒಂದಾಳೆತ್ರಾ! ನಾಳೇಗಂಟ ಬುಡಕ್ಕಿಲ್ವಾ?"

"ಏನು? ಮ್ಯಾನೇಜರು ಹೊಸ ಬೆಳ್ಳಿ ಡಬ್ಬಿ ಕೊಡುಸ್ತೀನಿ ಅಂದ್ನಾ?... ಒಳ್ಳೇವ್ನೇ ಪಾಪ. ಅದರೊಳಗಿರೋದ ಯಾವ ಅಂಗಡೀಲಿ ತತ್ತಾನಂತೆ?"

"ಸಕ್ಕರೆ ಕಾಯಿಲೆ ಮಾತ್ರೆನೂ ನುಂಗಿಲ್ವಾ?... ಡಾಕ್ಟ್ರು ಬಂದಿದ್ರಾ?... ಸೂಜಿ ಚುಚ್ಚಾಕೆ ತೋಳೇ ಕೊಡಕ್ಕಿಲ್ವಂತಾ?... ನಿಂತ್ರೆ ತೂರಾಡ್ತಾಳಾ? ಲೇ, ಗದರಬ್ಯಾಡ ಅವ್ಳ."

"ಲಿಂಗ ಇಲ್ದೆ ನೀರು ಕುಡೀಬೋದಾ ಅಂತ ಕೇಳಾಕೆ ಮಠಕ್ಕೋಗಿದ್ದೆ ಕಣ್ಲಾ, ನಿನ್ನೆಯಿಂದ ಮೂರು ಸಲ. ಶಿವರುದ್ರಸ್ವಾಮಿಗಳು ಅನುಷ್ಠಾನಕ್ಕೆ ಕುಂತವ್ರೆ, ಮೌನ. ಸೋಮವಾರದಗಂಟ ಬಾಗ್ಲು ತೆಗೆಯಕ್ಕಿಲ್ಲ... ಬಡುದೆ ಕಣ್ಲಾ, ಮಠದವರ ತಾವ ಬೈಸ್ಕಂಡೆ... ನಾನಿನ್ನೇನ್ ಮಾಡ್ಲಿ ಇಲ್ಲಿಂದ? ಹಲೋ?... ತಡಿ, ಕಬ್ಬಿನ ಟ್ರ್ಯಾಕ್ಟರ್ ಓಯ್ತಾ ಅದೆ."

ಟ್ರ್ಯಾಕ್ಟರ್ ದಾಟುವಷ್ಟರಲ್ಲಿ ದೊಡ್ಡಮಾದಪ್ಪನವರಿಗೆ ಒಂದು ಯೋಚನೆ ಬಂತು. ಒಳ್ಳೆಯ ಯೋಚನೆಯಲ್ಲ. ಊರಿಗೆ ನ್ಯಾಯ ಹೇಳುವ ಮನುಷ್ಯ, ಅರವತ್ತು ವರ್ಷದಲ್ಲಿ ಸುಳ್ಳಾಡಿ ಅಭ್ಯಾಸವಿಲ್ಲ. ಆದರೆ ಇಲ್ಲಿಂದ ಕೈ ಚಾಚಿ ಅವಳ ಬಾಯಿಗೆ ಲೋಟ ಹಿಡಿಯಲಾದೀತೇ? ಅಲ್ಲಿಗೆ ಮುಟ್ಟುವುದು ಮಾತೊಂದೇ. ಹಾಳಾಗಿ ಹೋಗಲಿ, ಪಾಪ ತನಗಿರಲಿ, ಅವಳು ಉಳಿದರೆ ಸಾಕು.

"ಕೊಡು ಅವ್ಳಿಗೆ... ರತ್ನ? ನಾನು ಕಣೆ... ಅಳಬ್ಯಾಡ. ಅಳಬ್ಯಾಡ ಸುಮ್ಕಿರು, ನಿಂದೇನೂ ತಪ್ಪಿಲ್ಲ... ಕೇಳಿಲ್ಲಿ. ಸ್ವಾಮಿಗಳ ಕೇಳ್ಕಂಡೇ ಬಂದಿವ್ನಿ... ಹೂಂ, ಈಗ್ಲೇ. ಅಂಗೈಯಲ್ಲೇ ಲಿಂಗ ಅದೆ ಅಂದ್ಕಂಡು ನೀರು ಕುಡೀಲಿ, ದೋಸ ಇಲ್ಲ ಅಂದ್ರು."

"ಯಾರಂದೋರು ಮೌನ ಅಂತ?... ಬಸವೇಶ ಅಂದ್ನಾ? ಅವನ್ಗೇನ್ ಗೊತ್ತು... ನಿನಗೋಸ್ಕರ ಬಾಗ್ಲು ತೆಗೆದ್ರು ಕಣೆ... ನಾನ್ಯಾಕೆ ಸುಳ್ಳಾಡ್ಲಿ?"

"...ಏನಂದೆ?... ಲಿಂಗ ಮುಟ್ಕಂಡು ಏಳಬೇಕಾ?"

ದೊಡ್ಡಮಾದಪ್ಪನವರು ಅಂಗಿಯೊಳಗೆ ಕೈ ಹಾಕಿ ತಮ್ಮ ಕರಡಿಗೆಯನ್ನು ಬಿಗಿಯಾಗಿ ಹಿಡಿದರು.

"ಮುಟ್ಟಿವ್ನಿ ಕಣೆ... ಇಡ್ಕಂಡೇ ಏಳ್ತಿವ್ನಿ. ಸ್ವಾಮಿಗಳು ಅಂದ್ರು... ಬಾಯ್ತುಂಬ ಅಂದ್ರು. ಕುಡಿ... ರತ್ನ?... ಲೋಟ ತಕಂಡ್ಯಾ?... ಬಸವೇಶ, ಕುಡುದ್ಲೇನ್ಲಾ?..."

ಲೈನು ಕಟ್ಟಾಗಿತ್ತು.

"ಕುಡುದ್ಲಾ?... ಹಲೋ?... ಹಲೋ..."