ಅಂಟೋ ಕಾಯ್ಲೆ ಅಲ್ವಂತೆ

ಮಧುಗಿರಿಯ ಒಂದು ಕ್ಲಿನಿಕ್ಕಿನ ಮಹಡಿಯಲ್ಲಿ ನನ್ನ ಸರದಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಒಬ್ಬಾಕೆ ನಾಲ್ಕೈದು ವರ್ಷದ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದರು. ಡಾಕ್ಟರ ಕೋಣೆಯಿಂದ ಅವರ ನಾದಿನಿ, ತುಂಬು ಬಸುರಿ, ಹೊರಬಂದು ಮಗುವಿಗೆ ತಾಗದಂತೆ ಬೆಂಚಿನ ತುದಿಯಲ್ಲಿ ಕೂತಳು.

“ಏನಂದ್ರು ಚೈತ್ರಾ?”

“ಎಲ್ಲಾ ಚೆನ್ನಾಗೈತಂತೆ ಅತ್ಗೆ.”

“ಮತ್ಯಾಕೆ ಮುಖ ಇಂಗ್ ಮಾಡ್ಕೊಂಡಿದ್ದೀಯ? ಬೈದ್ರಾ?”

“ಒಂದು ಮಾತು ಕೇಳ್ಬುಟ್ಟೆ. ಇಂಚರನ್ನ ಮುಟ್ಟಿದ್ರೆ ಹೊಟ್ಟೇಲಿರೋ ಮಗೂಗೂ ಅಂಗೇ ಆಯ್ತದಾ ಅಂತ.”

ಅತ್ತಿಗೆ ಮಗಳ ಜಡೆಯ ರಿಬ್ಬನ್ ಬಿಚ್ಚಿ ಮತ್ತೆ ಕಟ್ಟಿದರು.

“ಅದಕ್ಕೇನಂದ್ರು?”

“ಡೌನ್ ಸಿಂಡ್ರೋಮ್ ಅಂಟೋ ಕಾಯ್ಲೆ ಅಲ್ವಂತೆ. ಗ್ರಹಣದಲ್ಲಿ ನೀವು ಹೊರಗೆ ಬಂದ್ರಿ ಅಂತ ಅಮ್ಮ ಆಡ್ಕೊತಿತ್ತಲ್ಲ, ಅದಕ್ಕೂ ಅಲ್ವಂತೆ. ಯಾರ ತಪ್ಪೂ ಇಲ್ವಂತೆ.”

“ಹೂಂ.”

“ನನ್ ಸೀಮಂತದಲ್ಲಿ ನಿಮ್ ಕೈಲಿ ಮಡ್ಲಕ್ಕಿ ಹಾಕುಸ್ಲಿಲ್ಲ. ನಾನೂ ಸುಮ್ಕಿದ್ಬುಟ್ಟೆ.”

“ಹೂಂ.”

“ನಿಮಗೆ ಇದೆಲ್ಲಾ ಮೊದ್ಲೇ ಗೊತ್ತಿತ್ತಾ ಅತ್ಗೆ?”

“ಇವಳು ಹುಟ್ಟಿದ ವಾರದಲ್ಲೇ ಡಾಕ್ಟ್ರು ಹೇಳಿದ್ರು ಕಣಮ್ಮ. ಮನೇಗೆ ಬಂದು ನಿಮಗೂ ಹೇಳ್ದೆ. ಯಾರು ನಂಬಿದ್ರಿ?”

ಚೈತ್ರಾ ಸೆರಗಿನಿಂದ ಮುಖ ಒರೆಸಿಕೊಂಡಳು.

“ಇವತ್ತೇ ಅಮ್ಮಂಗೂ ಹೇಳ್ತೀನಿ.”

“ಅದಿರ್ಲಿ. ಮೆಟ್ಲು ಇಳೀಬೇಕು, ಇವಳ ಕೈ ಹಿಡ್ಕೊ. ಬ್ಯಾಗ್ ನಾನು ತರ್ತೀನಿ.”

ಚೈತ್ರಾ ಕೈ ಚಾಚಿದಳು. ಮಗು ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿತು.

“ಅತ್ತೇನ ಮುಟ್ಬಾರ್ದು,” ಎಂದಿತು, ಚೆನ್ನಾಗಿ ಕಲಿತ ಪಾಠ ಒಪ್ಪಿಸುವವರಂತೆ.

ಮೂವರೂ ಕೆಳಗಿಳಿದರು. ಮಗು ಗೋಡೆ ಹಿಡಿದುಕೊಂಡು ಇಳಿಯಿತು.