ಟೈಲರಕ್ಕನ ಎಣ್ಣೆ ಡಬ್ಬಿ

ಎರವಲು ತಂದ ಸಾಮಾನನ್ನು ಒರೆಸಿ, ಎಣ್ಣೆ ಹಾಕಿ, ಕೇಳುವ ಮೊದಲೇ ಹಿಂದಿರುಗಿಸಬೇಕು. ತನ್ನ ಮನೆಯಿಂದ ಏನು ಕೊಟ್ಟರೂ ಓಣಿಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಟೈಲರಕ್ಕ ಹೇಳುತ್ತಿದ್ದದ್ದು ಇದೊಂದೇ ಮಾತು. ಆ ಓಣಿಯಲ್ಲಿ ಒಬ್ಬರೂ ಇದನ್ನು ಪಾಲಿಸಲಿಲ್ಲ. ಕತ್ತರಿ, ಇಕ್ಕಳ, ಬೀಗ... ಎಲ್ಲ ಹೋದ ಮನೆಯಲ್ಲೇ ಉಳಿದು ತುಕ್ಕು ಹಿಡಿದವು.

ಅಕ್ಕ ಸತ್ತ ಮೇಲೆ ಅವಳ ತಂಗಿ ಬಂದಳು. ಹೊಲಿದೇ ಹೊಟ್ಟೆ ಹೊರೆಯಬೇಕಾದವಳು. ಅವಳಿಗೆ ಬೇಕಿದ್ದದ್ದು ಹೊಲಿಗೆ ಮಿಷನ್. ಅದು ಎರವಲು ಹೋಗಿ, ಅದೇ ಓಣಿಯ ನಮ್ಮ ದೊಡ್ಡಮ್ಮನ ಅಳಿಯನ ಮನೆಯಲ್ಲೇ ಉಳಿದಿತ್ತು.

"ಅದನ್ನ ಅಕ್ಕ ನಮಗೇ ಕೊಟ್ಟುಬಿಟ್ಟಿದ್ರಲ್ಲಮ್ಮ," ಎಂದ ಅಳಿಯ, ರೆಪ್ಪೆ ಬಡಿಯದೆ. ಅವನ ಹೆಂಡತಿ ಒಳಗಿನಿಂದ ಕೇಳಿಸಿಕೊಂಡಳು. ಹೊರಗೆ ಬರಲಿಲ್ಲ. ತಂಗಿ ಬರಿಗೈಯಲ್ಲಿ ಹೋದಳು.

ಅಳಿಯನಿಗೆ ಪ್ರೆಸ್ಸಿನಲ್ಲಿ ರಾತ್ರಿ ಪಾಳಿ. ಅದೇ ವಾರ ಕೆಲಸ ಮುಗಿಸಿ ಓಣಿಯ ಬಾವಿ ದಾಟಿ ಬರುತ್ತಿದ್ದ. ಗಾಳಿಯಿಲ್ಲ. ನಾಯಿಯ ಸದ್ದೂ ಇಲ್ಲ. ಬಾವಿಯ ಆಚೆ... ಟಿಕ್... ಟಿಕ್... ತೆಳು ತಗಡಿನ ಎಣ್ಣೆ ಡಬ್ಬಿಯ ತಳ ಒತ್ತುವ ಸದ್ದು. ದಿನವೂ ಯಂತ್ರಕ್ಕೆ ಎಣ್ಣೆ ಬಿಡುವವನಿಗೆ ಅದರ ಗುರುತು ಸಿಗದೆ ಇರುತ್ತದೆಯೆ? ತಿರುಗಿ ನೋಡಲಿಲ್ಲ. ಮನೆಯ ಗೇಟಿಗೆ ಹಾಕಿದ್ದ ಬೀಗವೂ ಟೈಲರಕ್ಕನದೇ. ದಿನಾ ಅದರೊಡನೆ ಗುದ್ದಾಡಬೇಕಿತ್ತು. ಅಂದು ಕೀಲಿ ತಾಗಿದ್ದೇ ತಡ, ಬಿಚ್ಚಿಕೊಂಡಿತು.

ಒಳಗೆ ಹೆಂಡತಿ ಎದ್ದು ಕೂತಿದ್ದಳು. ದೀಪವಿಲ್ಲ.

"ರೀ... ಮಿಷನ್ನಿಗೆ ಎಣ್ಣೆ ಹಾಕಿದ್ರಾ?"

"ಇಲ್ವೇ. ಯಾಕೆ?"

"ಚಕ್ರ ತಾನಾಗೇ ತಿರುಗ್ತಿತ್ತು. ಮುಟ್ಟಿದೆ... ಕೈಯೆಲ್ಲ ಜಿಡ್ಡು."

ಬೆಳಗಾದರೆ ಓಣಿಯ ತುಂಬ ಅದೇ ಮಾತು. ಅಕ್ಕನಿಂದ ತಂದ ಕತ್ತರಿಗಳೆಲ್ಲ ಹೊಳೆಯುತ್ತಿವೆ. ಇಕ್ಕಳಗಳು ಬಾಯಿ ಬಿಟ್ಟಿವೆ. ಕೆಲವು ದಿನ ಎಲ್ಲರೂ ಹೆದರಿ ಮುದುಡಿಕೊಂಡಿದ್ದರು. ಆಮೇಲೆ ಹೆದರಿಕೆ ಹೋಯಿತು. ಅದರ ಜಾಗದಲ್ಲಿ ನಾಚಿಕೆ ಬರಬೇಕಿತ್ತು. ಬಂದದ್ದು ಆಸೆ.

ಮೊದಲು ಪಕ್ಕದ ಮನೆಯ ಕಾಂಪೌಂಡರ್ ತನ್ನ ಗೊರಗೊರ ಫ್ಯಾನನ್ನು ಸಂಜೆ ಬಾವಿಕಟ್ಟೆಯ ಮೇಲಿಟ್ಟ. ಬೆಳಿಗ್ಗೆ ಅದು ಸದ್ದಿಲ್ಲದೆ ತಿರುಗಿತು.

"ಸಂಬಳ ಇಲ್ಲ, ಊಟ ಇಲ್ಲ, ರಜೆ ಕೇಳೋದಿಲ್ಲ," ಎಂದು ಕಾಂಪೌಂಡರ್ ನಕ್ಕ. "ಇಂಥ ದೆವ್ವ ಎಲ್ಲಿ ಸಿಗುತ್ತೆ ಸ್ವಾಮಿ? ನಮ್ಮ ಮನೆಯವಳಿಗೂ ಸ್ವಲ್ಪ ಹೇಳಿಕೊಡಲಿ."

ಮರುದಿನದಿಂದ ಕಟ್ಟೆಯ ತುಂಬ ಸಾಮಾನು. ಕದದ ಕೀಲು, ಪಂಪಿನ ಹಿಡಿ, ಯಾರದೋ ಅಜ್ಜನ ಕಾಲದ ತಕ್ಕಡಿ. ಅಳಿಯನೂ ತನ್ನ ಸೈಕಲ್ ಒರಗಿಸಿದ. "ಬೇಡ ರೀ," ಎಂದಳು ಹೆಂಡತಿ. "ಎಲ್ಲರೂ ಇಟ್ಟಿದ್ದಾರಲ್ಲೇ," ಎಂದ ಅವನು.

ಆ ರಾತ್ರಿ ಬಾವಿಯ ಹತ್ತಿರ ಬಂದಾಗ ಟಿಕ್ ಟಿಕ್ ಸದ್ದಿಗೆ ಬಿಡುವೇ ಇರಲಿಲ್ಲ. ಬಟ್ಟೆ ಉಜ್ಜುವ ಸರ್... ಸರ್... ನಡುವೆ ಒಣಕೆಮ್ಮು. ಬಹಳ ಹೊತ್ತು ಬಗ್ಗಿದ್ದವರು ಸೊಂಟ ನೆಟ್ಟಗೆ ಮಾಡುವಾಗಿನ 'ಉಸ್ಸ್...' ಆಮೇಲೆ ಮೆಲ್ಲಗೆ ಒಂದು ಮಾತು:

"ಇನ್ನೂ ಎಷ್ಟಿದೆಯಪ್ಪಾ?"

ಬೈಗುಳವಾಗಿದ್ದರೆ ಅಳಿಯ ಓಡಿಬಿಡುತ್ತಿದ್ದ. ಆ ದನಿಯಲ್ಲಿ ಕೋಪವೇ ಇರಲಿಲ್ಲ. ತಲೆ ತಗ್ಗಿಸಿಕೊಂಡು ಮನೆಗೆ ಬಂದ. ಗೋಡೆಯ ಕಡೆ ಮುಖ ಮಾಡಿ ಹೆಂಡತಿಗೆ ಹೇಳಿದ.

"ನಾಳೆ ಸೈಕಲ್ ತಂದುಬಿಡ್ತೀನಿ ಕಣೇ."

"ಸೈಕಲ್ ಒಂದೇನಾ?" ಎಂದಳು. ಎದ್ದಳು. ಬಾಗಿಲು ತೆರೆದು ಹೊರಟೇಬಿಟ್ಟಳು.

ಅವನು ಹಿಂದೆಯೇ ಹೋದ. ಹತ್ತಿರ ಹೋಗುವ ಧೈರ್ಯವಾಗಲಿಲ್ಲ. ಅವಳು ಕತ್ತಲಿಗೆ ಕೈ ಚಾಚಿದಳು.

"ಸಾಕು ಬಿಡಿ, ಅಕ್ಕ. ನಮ್ಮ ಸಾಮಾನಿಗೆ ನೀವು ಎಣ್ಣೆ ಹಾಕಕೂಡದು. ಕೊಡಿ ಇಲ್ಲಿ. ಬೆಳಗಾಗುತ್ಲೂ ಮಿಷನ್ ತಂಗಿಗೆ ಮುಟ್ಟಿಸ್ತೀನಿ. ನಾವು ಸುಳ್ಳು ಹೇಳಿದ್ವಿ ಅಂತಾನೂ ಹೇಳ್ತೀನಿ."

ಟಿಕ್... ನಿಂತಿತು.

ಇದು ಕಟ್ಟಿದ ಮಾತಲ್ಲ. ಅಳಿಯ ನಿಂತು ಕಣ್ಣಾರೆ ಕಂಡದ್ದು. ಇಂದಿಗೂ ಇದನ್ನು ಹೇಳುವಾಗ ಅವನು ಯಾರ ಮುಖವನ್ನೂ ನೋಡುವುದಿಲ್ಲ. ಅವಳ ಅಂಗೈಗೆ ಒಂದು ಚಿಂದಿ ಬಟ್ಟೆ ಬಂತು. ಬೆಚ್ಚಗಿತ್ತಂತೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಟ್ಟೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ಕೈಗೆ ಸಿಕ್ಕಿದ್ದನ್ನು ಒರೆಸತೊಡಗಿದಳು.