ಗೋಲ್ಕೊಂಡದ ಚಪ್ಪಾಳೆ

ಶಿರಸಿ ಬಸ್ ನಿಲ್ದಾಣದಲ್ಲಿ ಸಿದ್ದಾಪುರದ ಬಸ್ಸಿಗೆ ಕಾಯುತ್ತ ಮಗಳಿಗೆ ಬಾಳೆಹಣ್ಣು ತಿನ್ನಿಸುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಹೈದರಾಬಾದ್ ನೋಡಿ ಬಂದ ಗಂಡ ಹೆಂಡತಿ ಕೂತಿದ್ದರು.

“ಊರಲ್ಲಿ ಕೇಳಿದ್ರೆ ಎಂತ ಹೇಳೂದು?” ಎಂದರು ಆಕೆ.

“ಚಾರ್ಮಿನಾರ್ ನೋಡಿದ್ವಿ, ಗೋಲ್ಕೊಂಡ ಕೋಟೆ ನೋಡಿದ್ವಿ ಅನ್ನು.”

“ಮಗಳನ್ನ ನೋಡಿದ್ರಾ ಅಂದ್ರೆ?”

“ನೀನು ನೋಡಿದ್ಯಲ್ಲ.”

“ನಮಿತಾ ಗಂಡನ್ನ ಕರ್ಕಂಡು ಕೋಟೆ ಬಾಗ್ಲಿಗೆ ಬಂದಿದ್ಲು. ನೀವು ಅಷ್ಟೊತ್ತಿಗೆ ತುದಿಗೆ ಹತ್ತಿ ಕೂತ್ರಿ. ಮನೆ ಮಹಡಿ ಮೆಟ್ಲು ಹತ್ತೂಕೆ ಮಾತ್ರ ನಿಮಗೆ ಮೊಣಕಾಲು ನೋವು.”

“ಗೈಡ್ ಹತ್ತಿ ಅಂದ, ಹತ್ತಿದೆ.”

“ಬಾಗ್ಲಲ್ಲಿ ಚಪ್ಪಾಳೆ ಹೊಡೆದ್ರೆ ತುದಿಗೆ ಕೇಳ್ತದೆ ಅಂತನೂ ಅವನೇ ಹೇಳಿದ್ದ. ಅದಕ್ಕೇ ಅವಳು ಹೊಡೆದ್ಲು. ತನ್ನ ಮದುವೆ ಆದಾಗಿಂದ ಮಾತಾಡದ ಅಪ್ಪ ಇಳಿದು ಬರ್ತಾರೇನೋ ಅಂತ.”

“ನಂಗೆ ಎಂತೂ ಕೇಳ್ಲಿಲ್ಲ ಮಾರಾಯ್ತಿ.”

“ಮೂರು ಸಲ ಹೊಡೆದ್ಲು. ಸಾಕು, ಮನೆಗೆ ಹೋಗು ಅಂತ ನಾನೇ ಹೇಳಿ, ನಿಮ್ಮನ್ನ ಕರೀಲಿಕ್ಕೆ ಹತ್ತಿ ಬಂದೆ.”

ಅಷ್ಟರಲ್ಲಿ ಹುಲೇಕಲ್ ಬಸ್ ಬಂತು. ಗಂಡ ಎದ್ದು ಎರಡೂ ಚೀಲ ಎತ್ತಿಕೊಂಡರು.

“ನಾಲ್ಕು,” ಎಂದರು. “ನೀನು ಬಾಗ್ಲು ಬಿಟ್ಟು ಹತ್ತಿ ಬರೂವಾಗ ಇನ್ನೊಂದ್ಸಲ ಹೊಡೆದ್ಲು.”

ಆಕೆ ಅವರ ಹಿಂದೆಯೇ ನಡೆದು ಬಸ್ ಹತ್ತಿದರು.